ಪುನರ್ವಸು ಮಳೆಯ ನಾಲ್ಕನೇ ದಿನ: ಓದುಗರ ಪ್ರಶ್ನೆ, ಲೇಖಕಿಯ ಉತ್ತರ

ನನ್ನ ಪತ್ತೇದಾರಿ ಧಾರಾವಾಹಿ ಕಳೆದ ತಿಂಗಳು ಮುಗಿಯಿತು. ಆಗಿನಿಂದ ಪತ್ರಗಳು ಬರುತ್ತಲೇ ಇವೆ. ಈ ಸಲದ ಅಂಕಣವನ್ನು ಪೂರ್ತಿ ಅವಕ್ಕೇ ಬಿಟ್ಟಿದ್ದೇನೆ.

ಓದದೇ ಇದ್ದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. 1994ರ ಜುಲೈ 9, ಶನಿವಾರ. ಶರಾವತಿ ಹಿನ್ನೀರಿನ ಆಚೆ ದಡದ ಶಾಲೆಯಲ್ಲಿ ಕೆಲಸ ಮಾಡುವ ಟೀಚರ್ ಒಬ್ಬರು ಸಂಜೆಯ ಕೊನೆಯ ಲಾಂಚ್ ಹತ್ತುತ್ತಾರೆ. ಸಾಗರದ ಕಡೆಯ ಹಳ್ಳಿಯಲ್ಲಿ ತಾಯಿ ಕಾಯುತ್ತಿರುತ್ತಾರೆ. ಟೀಚರ್ ಮನೆ ಸೇರುವುದಿಲ್ಲ. ಲಾಂಚ್ ಇಳಿಯುವ ಕಡವಿನಲ್ಲಿ ಅಂಗಡಿ ಇಟ್ಟುಕೊಂಡವನು 'ಅವರು ಲಾಂಚ್ ಇಳಿಯಲೇ ಇಲ್ಲ' ಎಂದು ಹೇಳಿಕೆ ಕೊಡುತ್ತಾನೆ. ಊರಿನವರು 'ಯಾರ ಜೊತೆಗೋ ಹೋಗಿರಬೇಕು' ಅಂತಾರೆ. ಫೈಲ್ ಮುಚ್ಚುತ್ತದೆ. ಮಳೆ ತಡವಾದ 2023ರ ಜೂನ್‌ನಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಒಂದು ಸ್ಟೀಲ್ ಡಬ್ಬಿ, ಕೊಡೆಯ ಕಡ್ಡಿಗಳು, ಆಮೇಲೆ ಮೂಳೆಗಳು ಸಿಗುತ್ತವೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿರುವ ಇನ್‌ಸ್ಪೆಕ್ಟರ್ ಆ ಫೈಲ್ ಹುಡುಕಿ ತೆಗೆಯುತ್ತಾರೆ.

ನಾನು ಪೊಲೀಸ್ ಇಲಾಖೆಯವಳಲ್ಲ. ಮಲೆನಾಡಿನ ತಾಲ್ಲೂಕು ಕೋರ್ಟೊಂದರಲ್ಲಿ 31 ವರ್ಷ ಕೆಲಸ ಮಾಡಿ ಶಿರಸ್ತೇದಾರಳಾಗಿ ನಿವೃತ್ತಳಾದವಳು. ಉತ್ತರಗಳೂ ಆ ಕುರ್ಚಿಯಿಂದ ಕಂಡಷ್ಟೇ.

ಪ್ರತಿ ಕಂತಿನಲ್ಲೂ ಮಳೆ. ನಮಗೆ ಮನೆ ಹೊರಗೂ ಮಳೆ, ಕಥೆ ಒಳಗೂ ಮಳೆ. ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಲಿಲ್ವಾ ಅಕ್ಕಾ?
– ಸಾಗರದ ಗೃಹಿಣಿ

ಮೊದಲ ಕರಡಿನಲ್ಲಿ ಇನ್ನೂ ಜಾಸ್ತಿ ಇತ್ತು. ಆಗುಂಬೆ ಘಾಟಿಯ ಮಂಜಿನ ಬಗ್ಗೆಯೇ ಎರಡು ಪುಟ ಬರೆದಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ ಅನ್ನುವುದನ್ನೂ ಸೇರಿಸಿದ್ದೆ. ಓದಲು ಚೆನ್ನಾಗಿತ್ತು. ಆದರೆ ಆ ಎರಡು ಪುಟ ತೆಗೆದರೆ ಕಥೆಗೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ತೆಗೆದೆ.

ಉಳಿಸಿಕೊಂಡ ಮಳೆ ಪ್ರತಿಯೊಂದೂ ಏನಾದರೂ ಮಾಡುತ್ತದೆ. ನೋಡಿ, ತಗಡಿನ ಮಾಡಿನ ಮೇಲೆ ಜುಲೈ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಕಡವಿನ ಅಂಗಡಿ ಹಿಂದೆ ಹತ್ತು ಮಾರು ದೂರದಲ್ಲಿ ಒಬ್ಬರು ಕೂಗಿದರೆ ಯಾರಿಗೆ ಗೊತ್ತಾಗಬೇಕು? ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಹಳ್ಳದ ಸಂಕ ಮುಳುಗಿದರೆ ಆಚೆ ಮನೆಯವರು ಈಚೆ ಬರುವುದಿಲ್ಲ. ಒಂದು ವಾರ ಯಾರಾದರೂ ಕಾಣಿಸದೇ ಇದ್ದರೆ 'ಮಳೆ ಅಲ್ವಾ, ಬರಲಿಕ್ಕೆ ಆಗಿರಲಿಕ್ಕಿಲ್ಲ' ಎಂದು ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ. ನನ್ನ ಕಥೆಯಲ್ಲಿ ದೂರು ಕೊಡಲು ಐದು ದಿನ ತಡವಾಗಿದ್ದು ಇದೇ ಕಾರಣಕ್ಕೆ. ತಾಯಿ ಪ್ರತಿ ಸಂಜೆ ಮನೆ ದಾರಿಯ ಉಣಗೋಲಿನ ಹತ್ತಿರ ಲಾಟೀನು ಹಿಡಿದು ನಿಲ್ಲುತ್ತಾರೆ. ಸಂಕ ಮುಳುಗಿದೆ, ನೀರು ಇಳಿದ ಮೇಲೆ ಬರುತ್ತಾಳೆ ಎಂದುಕೊಳ್ಳುತ್ತಾರೆ. ಆ ಐದು ದಿನದಲ್ಲಿ ಹೆಜ್ಜೆ ಗುರುತು, ರಕ್ತದ ಕಲೆ ಎಲ್ಲ ತೊಳೆದು ಹೋಗಿತ್ತು.

ಮಳೆ ಮುಚ್ಚಿಟ್ಟದ್ದನ್ನು 29 ವರ್ಷ ಆದ ಮೇಲೆ ಮಳೆ ಇಲ್ಲದ್ದೇ ತೆರೆದು ತೋರಿಸಿತು. ಈ ಒಂದು ಯೋಚನೆ ಹೊಳೆದ ಮೇಲೇ ನಾನು ಕಾದಂಬರಿ ಬರೆಯಲು ಕೂತದ್ದು.

ನೀರು ಇಳಿದಾಗ ಹಳೆಯ ಅಣೆಕಟ್ಟು ಎದ್ದು ಬರುವ ದೃಶ್ಯ ಮೈ ಜುಮ್ಮೆನ್ನಿಸಿತು. ಅದು ನಿಜಕ್ಕೂ ಇದೆಯೇ, ಕಲ್ಪನೆಯೇ?
– ಮೈಸೂರಿನ ಕಾಲೇಜು ಉಪನ್ಯಾಸಕರು

ಇದೆ. ಸಾಗರ ತಾಲ್ಲೂಕಿನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಅದು. ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲೆಂದು ಕಟ್ಟಿದ್ದು, 1948ರಲ್ಲಿ ಮುಗಿಯಿತು. ಆಮೇಲೆ ಕೆಳಗಡೆ ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಬಂತು, 1964ರಲ್ಲಿ. ಅದರ ಗರಿಷ್ಠ ಮಟ್ಟ 1819 ಅಡಿ. ಆ ನೀರಿನಲ್ಲಿ ಹಳೆಯ ಅಣೆಕಟ್ಟು ಇಡಿಯಾಗಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಾತ್ರ ಮೇಲೆ ಬರುತ್ತದೆ. ಹೆಚ್ಚಾದ ನೀರನ್ನು ತಾನಾಗಿಯೇ ಹೊರಹಾಕಲು ಗಣೇಶ ಅಯ್ಯರ್ ಎಂಬ ಎಂಜಿನಿಯರ್ ರೂಪಿಸಿದ ಸೈಫನ್‌ಗಳನ್ನು ಇವತ್ತಿಗೂ ನೋಡಬಹುದು. ಅಷ್ಟು ವರ್ಷ ನೀರೊಳಗಿದ್ದರೂ ಗೋಡೆ ಗಟ್ಟಿಯಾಗಿದೆ.

ನಾನು ನೋಡಲು ಹೋದದ್ದು ಒಂದು ಮೇ ತಿಂಗಳ ಮಧ್ಯಾಹ್ನ. ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ತುಂಬಾ ಹೊತ್ತು ನಡೆಯಬೇಕು. ದಾರಿಯಲ್ಲಿ ಮರದ ಬೊಡ್ಡೆಗಳು ಸಿಗುತ್ತವೆ. ಮುಳುಗುವ ಮುಂಚೆ ಅಲ್ಲಿ ಕಾಡಿತ್ತು, ತೋಟ ಇತ್ತು, ಮನೆಗಳಿದ್ದವು. ನನ್ನ ಸೋದರತ್ತೆಯ ಮನೆಯೂ ಮುಳುಗಡೆಯಲ್ಲಿ ಹೋಯಿತು. ನೀರು ಇಳಿದ ವರ್ಷಗಳಲ್ಲಿ ಅತ್ತೆ ಬುತ್ತಿ ಕಟ್ಟಿಕೊಂಡು ಹೋಗಿ ತಮ್ಮ ಅಂಗಳ ಎಲ್ಲಿತ್ತು ಎಂದು ಹುಡುಕುತ್ತಿದ್ದರು. ಒಂದು ಸಲ ಬಚ್ಚಲಿನ ಕಲ್ಲು ಸಿಕ್ಕಿತು ಎಂದು ಬಂದು ಹೇಳಿದ್ದರು. ಆ ಮುಖ ನನಗೆ ಇನ್ನೂ ನೆನಪಿದೆ. ಕಾದಂಬರಿಯಲ್ಲಿ ಡಬ್ಬಿ ಸಿಗುವುದು ಪೊಲೀಸರಿಗಲ್ಲ, ಹೀಗೆ ತನ್ನ ಹಳೆಯ ಮನೆ ಹುಡುಕಿಕೊಂಡು ಬಂದ ಒಬ್ಬ ಮುದುಕಿಗೆ. ಅದು ಅತ್ತೆಗೆ ನಾನು ಸಲ್ಲಿಸಬೇಕಾಗಿದ್ದ ಋಣ.

ಉಣಗೋಲು, ಸಂಕ, ಗೊರಬು, ಅಗಳ. ನಮ್ಮ ಕಡೆ ಈ ಪದಗಳಿಲ್ಲ. ಅರ್ಥ ಹೇಳುವಿರಾ?
– ಕಲಬುರಗಿ ಓದುಗರು

ಉಣಗೋಲು ಅಂದರೆ ಮನೆ ಅಥವಾ ತೋಟದ ದಾರಿಗೆ ಅಡ್ಡ ಹಾಕುವ ಗಳ. ಎರಡು ಕಂಬದ ತೂತಿನಲ್ಲಿ ಸರಿಸಿ ಇಡುತ್ತಾರೆ, ದನ ಒಳಗೆ ಬರದ ಹಾಗೆ. ಸಂಕ ಅಂದರೆ ಹಳ್ಳಕ್ಕೆ ಹಾಕಿದ ಮರದ ಕಾಲುಸೇತುವೆ. ಗೊರಬು ಅಂದರೆ ಗದ್ದೆ ನೆಟ್ಟಿ ಮಾಡುವಾಗ ತಲೆ, ಬೆನ್ನು ನೆನೆಯದ ಹಾಗೆ ಹೊದೆಯುವ ಎಲೆಯ ಹೊದಿಕೆ. ಅಗಳ ಅಂದರೆ ತೋಟದ ಸುತ್ತ ತೋಡಿದ ಆಳದ ಕಾಲುವೆ. ಪುಸ್ತಕವಾಗುವಾಗಲೂ ಈ ಪದಗಳನ್ನು ಹೀಗೇ ಇಡುತ್ತೇನೆ. ಒಂದೆರಡು ಸಲ ಓದಿದರೆ ಜಾಗವೇ ಅರ್ಥ ಹೇಳಿಬಿಡುತ್ತದೆ.

'ಸಿ ರಿಪೋರ್ಟ್' ಅಂದರೇನು? 29 ವರ್ಷದ ಹಿಂದಿನ ಕೇಸನ್ನು ಮತ್ತೆ ತೆರೆಯಲು ಕಾನೂನಿನಲ್ಲಿ ಅವಕಾಶ ಇದೆಯಾ? ಕಾಲ ಮೀರಿ ಹೋಗುವುದಿಲ್ವಾ?
– ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ಒಂದು ವರದಿ ಕೊಡಬೇಕು. ಆರೋಪ ನಿಲ್ಲುವ ಹಾಗಿದ್ದರೆ ಚಾರ್ಜ್‌ಶೀಟ್. ದೂರು ಸುಳ್ಳು, ಅಥವಾ ಅದರಲ್ಲಿ ಹುರುಳಿಲ್ಲ ಅಂತಾದರೆ ನಮ್ಮ ರಾಜ್ಯದಲ್ಲಿ ಅದಕ್ಕೆ 'ಬಿ ರಿಪೋರ್ಟ್' ಅನ್ನುತ್ತಾರೆ. ಘಟನೆ ನಡೆದದ್ದು ಹೌದು, ಆದರೆ ಮಾಡಿದವರು ಯಾರು ಎಂದು ಪತ್ತೆಯಾಗಲಿಲ್ಲ ಅಂದರೆ 'ಸಿ ರಿಪೋರ್ಟ್'. ಕೋರ್ಟಿನಲ್ಲಿ ಕೂತವಳಿಗೆ ಈ ಸಿ ರಿಪೋರ್ಟ್ ಫೈಲ್ ಯಾವಾಗಲೂ ಬೇರೆಯೇ ಅನ್ನಿಸುತ್ತಿತ್ತು. ಉಳಿದ ಫೈಲ್‌ಗಳಲ್ಲಿ ಯಾರೋ ಗೆದ್ದಿರುತ್ತಾರೆ, ಯಾರೋ ಸೋತಿರುತ್ತಾರೆ. ಇದರಲ್ಲಿ ಎಲ್ಲವೂ ನಡುವಿಗೇ ನಿಂತಿರುತ್ತದೆ. ಸ್ಥಳದ ಮಹಜರು ಇರುತ್ತದೆ, ಪಂಚರ ಸಹಿ ಇರುತ್ತದೆ, ನಾಲ್ಕೈದು ಹೇಳಿಕೆ ಇರುತ್ತವೆ. ಕೊನೆಯಲ್ಲಿ ಒಂದು ಪುಟದ ಟೈಪ್ ಮಾಡಿದ ವರದಿ.

ಅದು ಬಿಡುಗಡೆಯ ತೀರ್ಪಲ್ಲ. ಹೊಸ ಸುಳಿವು ಸಿಕ್ಕರೆ ಹೆಚ್ಚಿನ ತನಿಖೆ ಮಾಡಬಹುದು. ಕಥೆ ನಡೆಯುವ ಕಾಲಕ್ಕೆ ಅದು ದಂಡ ಪ್ರಕ್ರಿಯಾ ಸಂಹಿತೆಯ 173(8)ನೇ ಸೆಕ್ಷನ್. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಅದರಲ್ಲೂ ಈ ಅವಕಾಶ ಇದೆ.

ಕಾಲ ಮೀರುವ ವಿಚಾರ. ಮೂರು ವರ್ಷದವರೆಗೆ ಶಿಕ್ಷೆ ಇರುವ ಸಣ್ಣ ಅಪರಾಧಗಳಿಗೆ ಮಾತ್ರ ಕಾಲಮಿತಿ. ಕೊಲೆಗೆ ಇಲ್ಲ. ಇಲ್ಲಿ ಒಂದು ಸಂಗತಿ ಕಥೆ ಬರೆಯುವವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಟೀಚರ್ ಪರ್ಸ್ ಕದ್ದವನ ಮೇಲೆ ಮೂರು ವರ್ಷ ಕಳೆದ ಮೇಲೆ ಬರೀ ಕಳ್ಳತನದ ಕೇಸ್ ನಡೆಸಲಾಗುವುದಿಲ್ಲ. ಅವನು ಧೈರ್ಯವಾಗಿ ಬಂದು 'ಪರ್ಸ್ ತೆಗೆದದ್ದು ನಾನು, ಅಷ್ಟೇ' ಅನ್ನಬಹುದು. ನನ್ನ ಕಥೆಯ ಲಾಂಚ್ ಹುಡುಗ ಬಾಯಿ ಬಿಟ್ಟದ್ದು ಹಾಗೆಯೇ. ಪರ್ಸ್ ಸಿಕ್ಕಿದ್ದು ಎಲ್ಲಿ ಎಂದು ಅವನು ಹೇಳಿದಾಗ ಟೀಚರ್ ಲಾಂಚ್ ಇಳಿದಿದ್ದರು ಅನ್ನುವುದು ಗೊತ್ತಾಯಿತು.

ನಾನೂ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ಕಥೆಯ ಅಜ್ಜಿ 29 ವರ್ಷದ ಹಿಂದಿನ ದಿನವನ್ನು ಅಷ್ಟು ಕರಾರುವಾಕ್ಕಾಗಿ ಹೇಳುತ್ತಾರೆ. ನನಗೆ ಹೋದ ತಿಂಗಳದ್ದೇ ನೆನಪಿರುವುದಿಲ್ಲ. ಓದುಗರು ನಂಬುತ್ತಾರಾ?
– ತೀರ್ಥಹಳ್ಳಿಯ ಶಾಲಾ ಶಿಕ್ಷಕರು

ಮೇಷ್ಟ್ರೇ, ಅಜ್ಜಿ ತಾರೀಖು ಹೇಳುವುದಿಲ್ಲ, ಗಮನಿಸಿ. ಅವರು ಹೇಳುವುದು 'ಪುನರ್ವಸು ಹಿಡಿದು ನಾಲ್ಕನೇ ದಿನ, ಶನಿವಾರ' ಎಂದು. ತಾರೀಖು ಹುಡುಕಿಕೊಳ್ಳುವುದು ಇನ್‌ಸ್ಪೆಕ್ಟರ್ ಕೆಲಸ.

ಮಳೆ ನಕ್ಷತ್ರ ಸೂರ್ಯನ ಲೆಕ್ಕ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹಬ್ಬಗಳ ಹಾಗೆ ಹಿಂದೆ ಮುಂದೆ ಓಡುವುದಿಲ್ಲ. ಆರಿದ್ರೆ ಜೂನ್ 22ರ ಆಸುಪಾಸಿಗೆ, ಪುನರ್ವಸು ಜುಲೈ 6ರ ಆಸುಪಾಸಿಗೆ, ಪುಷ್ಯ 20ರ ಹೊತ್ತಿಗೆ, ಆಶ್ಲೇಷ ಆಗಸ್ಟ್ 3ರ ಹೊತ್ತಿಗೆ. ಯಾವ ವರ್ಷ ನೋಡಿದರೂ ಒಂದು ದಿನ ಹೆಚ್ಚು ಕಡಿಮೆ ಅಷ್ಟೇ. ನಮ್ಮ ಅಜ್ಜಿಯಂದಿರು ಕ್ಯಾಲೆಂಡರ್ ನೋಡದೆ ಬದುಕಿದ್ದು ಇದರ ಮೇಲೆ. ಮೊದಲ ಮದ್ದು ಯಾವಾಗ ಹೊಡೆದದ್ದು, ಸಸಿ ಯಾವಾಗ ಕಿತ್ತದ್ದು, ಹಸು ಯಾವಾಗ ಕರು ಹಾಕಿದ್ದು, ಎಲ್ಲಕ್ಕೂ ಮಳೆಯ ಹೆಸರಿದೆ. 'ಆಶ್ಲೇಷ ಮಳೆ ಈಸಲಾರದ ಹೊಳೆ' ಎಂಬ ಗಾದೆ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ.

ದಿನ ಸಿಕ್ಕಿತು. ವರ್ಷ? ಅದಕ್ಕೆ ಜಾತ್ರೆ ಇದೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಶಿವಮೊಗ್ಗದ ಕೋಟೆ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ. 'ಮಗಳ ಬಾಣಂತನ ಮುಗಿದ ವರ್ಷ, ಜಾತ್ರೆ ಆದ ಮಾರನೇ ವರ್ಷ' ಅಂದರೆ ಸಾಕು. ಎರಡು ಬೇರೆ ಬೇರೆ ನೆನಪು ಒಂದೇ ವರ್ಷಕ್ಕೆ ಬಂದು ನಿಂತರೆ ಪತ್ತೇದಾರ ನಂಬಬಹುದು, ಓದುಗರೂ ನಂಬುತ್ತಾರೆ.

ನೆನಪು ಒಂಟಿಯಾಗಿ ಉಳಿಯುವುದಿಲ್ಲ, ಯಾವುದಾದರೂ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕೋರ್ಟಿನಲ್ಲಿ ಇದನ್ನು ನೂರಾರು ಸಲ ಕಂಡಿದ್ದೇನೆ. 'ಎಷ್ಟು ಗಂಟೆಗೆ ನೋಡಿದಿರಿ?' ಅಂದರೆ ಸಾಕ್ಷಿ ತಡವರಿಸುತ್ತಾರೆ. 'ಆಗ ಏನು ಮಾಡುತ್ತಿದ್ದಿರಿ?' ಅಂದರೆ 'ದನಕ್ಕೆ ಹುಲ್ಲು ಹಾಕಿ ಕೈ ತೊಳೀತಿದ್ದೆ' ಎಂದು ತಕ್ಷಣ ಹೇಳುತ್ತಾರೆ. ನಿಮ್ಮ ಪತ್ತೇದಾರನಿಗೆ ಎರಡನೆಯ ಪ್ರಶ್ನೆ ಕೇಳುವುದನ್ನು ಕಲಿಸಿ.

ಯಾರನ್ನು ಕೇಳಬೇಕು ಅನ್ನುವುದೂ ಮುಖ್ಯ. ಪೊಲೀಸರು ಬಂದಾಗ ಮಾತಾಡುವುದು ಜಗಲಿ ಮೇಲೆ ಕೂತ ಯಜಮಾನರು. ಎಲ್ಲವನ್ನೂ ಕಂಡವರು ಬೇರೆ ಇರುತ್ತಾರೆ. ಅಡಿಕೆ ಮರ ಹತ್ತುವ ಕೊನೆಗೌಡನನ್ನು ತಗೊಳ್ಳಿ. ಕೊಳೆರೋಗ ಬರದಿರಲಿ ಎಂದು ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಟ್ಟ ಹೊತ್ತಿನಲ್ಲಿ ಮರ ಹತ್ತಿರುತ್ತಾನೆ. ಕೆಳಗಿಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ಹೋಗುತ್ತಾನೆ. ಅಲ್ಲಿಂದ ನಾಲ್ಕು ಮನೆಯ ಹಿತ್ತಲು ಕಾಣುತ್ತದೆ. ಅವನ ಹೇಳಿಕೆ ಯಾವ ಫೈಲ್‌ನಲ್ಲೂ ಇರುವುದಿಲ್ಲ. ಅಡಿಕೆ ಸುಲಿಯಲು ಬರುವ ಹೆಂಗಸರೂ ಹಾಗೆಯೇ. ಮಧ್ಯರಾತ್ರಿವರೆಗೆ ಸಾಲಾಗಿ ಕೂತು ಸುಲಿಯುತ್ತಾರೆ. ಆ ಚಪ್ಪರದ ಕೆಳಗೆ ಬಾರದ ಸುದ್ದಿ ಊರಲ್ಲಿಲ್ಲ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುವ ಅಂಟಿಕೆ ಪಂಟಿಕೆಯವರು ಇನ್ನೊಂದು ಗುಂಪು. ಊರೆಲ್ಲ ಮಲಗಿದಾಗ ಎಚ್ಚರ ಇರುವವರು ಅವರು. ನಿಮ್ಮ ಕಥೆ ದೀಪಾವಳಿಯ ಹತ್ತಿರ ನಡೆಯುತ್ತದೆ ಎಂದು ಬರೆದಿದ್ದೀರಿ. ಅವರನ್ನು ಬಿಡಬೇಡಿ ಮೇಷ್ಟ್ರೇ.

ಇನ್‌ಸ್ಪೆಕ್ಟರ್ ಬದಲು ಒಬ್ಬ ಖಾಸಗಿ ಪತ್ತೇದಾರ ಇದ್ದಿದ್ದರೆ ಇನ್ನೂ ರೋಚಕ ಆಗುತ್ತಿತ್ತಲ್ಲ?
– ದಾವಣಗೆರೆ ಓದುಗರು

ನಮ್ಮಲ್ಲಿ ಖಾಸಗಿ ಪತ್ತೇದಾರರಿಗೆ ತನಿಖೆಯ ಅಧಿಕಾರ ಇಲ್ಲ. ಸಾಕ್ಷಿಯನ್ನು ಕರೆಸುವ ಹಾಗಿಲ್ಲ, ಮನೆ ಶೋಧಿಸುವ ಹಾಗಿಲ್ಲ, ಮೂಳೆಯನ್ನು ಲ್ಯಾಬಿಗೆ ಕಳಿಸುವ ಹಾಗಿಲ್ಲ. ಹಳೆಯ ಫೈಲನ್ನೇ ಮುಟ್ಟುವಂತಿಲ್ಲ. ನನಗೆ ಆ ಫೈಲ್ ಬೇಕೇ ಬೇಕಿತ್ತು.

ವಿಧಿವಿಜ್ಞಾನ ಓದುತ್ತಿದ್ದೇನೆ. ಇಷ್ಟು ವರ್ಷ ನೀರಿನಲ್ಲಿದ್ದ ಮೂಳೆಯಿಂದ ಡಿಎನ್‌ಎ ಸಿಗುವುದು ಕಷ್ಟ ಅಲ್ವಾ ಮೇಡಂ?
– ಭದ್ರಾವತಿಯ ವಿದ್ಯಾರ್ಥಿನಿ

ಕಷ್ಟವೇ. ಅದಕ್ಕಾಗಿ ಕಥೆಯ ಜಾಗವನ್ನೇ ಬದಲಿಸಿದೆ. ಮೊದಲು ಶವವನ್ನು ತೋಟದ ಅಗಳದಲ್ಲಿ ಹೂತಿಟ್ಟಿದ್ದೆ. ಆಮೇಲೆ ತಿಳಿದವರನ್ನು ಕೇಳಿದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಹುಳಿ ಗುಣ ಜಾಸ್ತಿ. ಅಷ್ಟು ಮಳೆ ಬೀಳುವ ಜಾಗದಲ್ಲಿ ಮಣ್ಣಿನ ಸುಣ್ಣ ತೊಳೆದು ಹೋಗುತ್ತದೆ. ಹುಳಿ ಮಣ್ಣು ಮೂಳೆಯನ್ನು ಕರಗಿಸುತ್ತದೆ. ಹಿನ್ನೀರಿನ ತಳದ ಹೂಳಿನಲ್ಲಿ ಗಾಳಿ ಆಡುವುದಿಲ್ಲ, ಅಲ್ಲಿ ಕೊಳೆಯುವುದು ನಿಧಾನ. ಹಾಗಾಗಿ ಅಗಳ ಬಿಟ್ಟು ನೀರಿಗೆ ಹೋದೆ.

ಲ್ಯಾಬಿಗೆ ಹೋದದ್ದು ದವಡೆ ಹಲ್ಲು. ಹಲ್ಲಿನ ಮೇಲಿನ ಪದರ ನಮ್ಮ ದೇಹದಲ್ಲೇ ಅತಿ ಗಟ್ಟಿ. ಒಳಗಿನದನ್ನು ಅದು ಕಾಪಾಡುತ್ತದೆ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಡಿಎನ್‌ಎ ಹಳೆಯ ಅವಶೇಷಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಯಾಕೆಂದರೆ ಒಂದು ಕೋಶದಲ್ಲಿ ಅದರ ಪ್ರತಿಗಳು ಬಹಳ. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ನಿಮಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ನನ್ನನ್ನು ಕಾಡಿದ್ದು ಇದರ ಇನ್ನೊಂದು ಮುಖ. ಹೋಲಿಸಿ ನೋಡಲು ತಾಯಿಯ ರಕ್ತ ಬೇಕು. ಎಂಬತ್ತು ದಾಟಿದ ತಾಯಿಯ ಮುಂದೆ ಹೋಗಿ ಇನ್‌ಸ್ಪೆಕ್ಟರ್ ಅದನ್ನು ಕೇಳಬೇಕು. ಅವರು ಎಷ್ಟು ಹುಷಾರಾಗಿ ಮಾತಾಡಿದರೂ ಆ ತಾಯಿಗೆ ಅಲ್ಲೇ ಎಲ್ಲ ಗೊತ್ತಾಗುತ್ತದೆ. 'ಅವಳು ಬದುಕಿದ್ದರೆ ನನ್ನ ರಕ್ತ ಯಾಕೆ ಬೇಕಿತ್ತು?' ಎಂದು ಕೇಳುತ್ತಾರೆ. ಆ ಒಂದು ಪುಟ ಬರೆಯಲು ನನಗೆ ಮೂರು ವಾರ ಹಿಡಿಯಿತು.

ಈಗ ಸೇತುವೆ ಬಂದಿದೆ. ನಿಮ್ಮ ಕಥೆಯ ಲಾಂಚ್ ನಮ್ಮ ಮಕ್ಕಳಿಗೆ ಅರ್ಥ ಆಗುತ್ತಾ?
– ತುಮರಿ ಭಾಗದ ಓದುಗರು

ಹಿನ್ನೀರಿನ ಎರಡು ದಡದ ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅದಕ್ಕಾಗಿ ನೀವು ಎಷ್ಟು ವರ್ಷ ಕಾದಿರಿ ಅನ್ನುವುದು ಈ ಕಡೆಯವರಿಗೆಲ್ಲ ಗೊತ್ತು. ಆಗೆಲ್ಲ ಕೊನೆಯ ಲಾಂಚ್ ಹೋದರೆ ಬೆಳಗಿನವರೆಗೆ ಆಚೆ ದಡ ಆಚೆಯೇ. ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ. ನಿಮ್ಮ ಮಕ್ಕಳಿಗೆ ಆ ರಾತ್ರಿಗಳು ಗೊತ್ತಿಲ್ಲ ಅನ್ನುವುದು ಸಂತೋಷದ ಸಂಗತಿ. ಕಥೆ ಓದಿ ಅವರು ಕೇಳಿದರೆ ನೀವೇ ಹೇಳಿ.

ಅಂಗಡಿಯವನು ಇನ್‌ಸ್ಪೆಕ್ಟರ್ ಎದುರು ಎಲ್ಲ ಒಪ್ಪಿಕೊಳ್ಳುತ್ತಾನೆ. ಆದರೂ ಶಿಕ್ಷೆ ಆಗುವುದಿಲ್ಲ. 32 ವಾರ ಓದಿದ ನಮಗೆ ಇದು ಅನ್ಯಾಯ ಅಲ್ವಾ?
– ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಉದ್ಯೋಗಿ

ಈ ಮಾತನ್ನೇ ಬರೆದ ಪತ್ರಗಳು ಹನ್ನೊಂದು. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ.

ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಇದು. ಹೊಡೆದು ಬಡಿದು ಒಪ್ಪಿಸುವುದನ್ನು ತಡೆಯಲು ಬಂದ ನಿಯಮ. ಒಳ್ಳೆಯ ನಿಯಮವೇ. ಇದಕ್ಕೆ 27ನೇ ಸೆಕ್ಷನ್ನಿನಲ್ಲಿ ಒಂದು ಕಿಂಡಿ ಇದೆ. ವಶದಲ್ಲಿರುವ ಆರೋಪಿ ಹೇಳಿದ ಮಾತಿನಿಂದ ಹೊಸದೇನಾದರೂ ಸಿಕ್ಕರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಸಾಕ್ಷ್ಯವಾಗುತ್ತದೆ. ಆದರೆ ನನ್ನ ಕಥೆಯಲ್ಲಿ ಡಬ್ಬಿ, ಮೂಳೆ ಎರಡೂ ಮೊದಲೇ ಸಿಕ್ಕಿದ್ದವು. ಅವನ ಮಾತಿನಿಂದ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. ಮ್ಯಾಜಿಸ್ಟ್ರೇಟ್ ಎದುರು ಹೇಳಿದ್ದರೆ ಅದು ನಿಲ್ಲುತ್ತಿತ್ತು. ಅಲ್ಲಿ ಅವನು ಬಾಯಿ ಬಿಡಲಿಲ್ಲ.

ಉಳಿದದ್ದು ಡಬ್ಬಿ. ನಮ್ಮಲ್ಲಿ ಪಾತ್ರೆ ಕೊಂಡಾಗ ಹೆಸರು ಕೊರೆಸುತ್ತೇವಲ್ಲ, ಹಾಗೆ ಅದರ ಮೇಲೆ ಅಂಗಡಿಯವನ ಹೆಂಡತಿಯ ಹೆಸರಿನ ಎರಡು ಅಕ್ಷರ ಇದ್ದವು. ಸ್ಟೀಲಿನ ಮೇಲೆ ಕೊರೆದದ್ದು 29 ವರ್ಷಕ್ಕೂ ಅಳಿಸಿರಲಿಲ್ಲ. ಆ ಸಂಜೆ ಚೀಟಿ ದುಡ್ಡು ಕೇಳಲು ಬಂದ ಟೀಚರ್‌ಗೆ, ತಾಯಿಗೆ ಕೊಡಿ ಎಂದು ಬಿಸಿ ಕಡುಬು ಹಾಕಿ ಕೊಟ್ಟದ್ದು ಆಕೆ. ಗಂಡ ಆಮೇಲೆ ಏನು ಮಾಡಿದ ಎಂದು ಆಕೆಗೆ ಗೊತ್ತಿರಲಿಲ್ಲ. ಪುನರ್ವಸುವಿನ ನಾಲ್ಕನೇ ದಿನ ಎಂದು ಹೇಳಿದ ಅಜ್ಜಿ ಇವರೇ. ಟೀಚರ್ ಲಾಂಚ್ ಇಳಿದಿದ್ದರು, ಗಂಡ ಸುಳ್ಳು ಹೇಳಿದ್ದ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಕೊಂದವನು ಅವನೇ ಅನ್ನಲು ಅಷ್ಟು ಸಾಲುವುದಿಲ್ಲ. ಒಬ್ಬ ಸಾಕ್ಷಿಯನ್ನು ಹೆಚ್ಚಿಗೆ ಹುಟ್ಟಿಸಿ ಶಿಕ್ಷೆ ಕೊಡಿಸುವುದು ನನಗೆ ಸುಲಭ ಇತ್ತು. ಎಷ್ಟೋ ವರ್ಷ ಸಾಕ್ಷಿ ಇಲ್ಲದೆ ಬಿದ್ದುಹೋದ ಕೇಸುಗಳ ಪಕ್ಕ ಕೂತವಳಿಗೆ ಅದು ಮಾಡಲು ಮನಸ್ಸು ಬರಲಿಲ್ಲ. ಆದರೆ ತಾಯಿಗೆ ಉತ್ತರ ಸಿಕ್ಕಿತು. ಮಗಳು ಓಡಿಹೋಗಲಿಲ್ಲ, ಮನೆಗೇ ಬರುತ್ತಿದ್ದಳು ಎಂದು ಊರಿಗೂ ಗೊತ್ತಾಯಿತು. ಕೊನೆಯ ಕಂತಿನಲ್ಲಿ ಆಕೆ ಉಣಗೋಲು ಹಾಕಿ ಒಳಗೆ ಬರುತ್ತಾರೆ. 29 ವರ್ಷ ಆಕೆ ಅದನ್ನು ತೆಗೆದೇ ಇಟ್ಟಿದ್ದರು. ನಾನು ಬರೆದದ್ದು ಆ ಕೊನೆಗಾಗಿ.

ಇದು ನಡೆದ ಘಟನೆಯಾ ಅಮ್ಮಾ? ಆ ತಾಯಿ ನಿಜವಾಗಿ ಇದ್ದರಾ?
– ಹೊಸನಗರದ ಓದುಗರು

ಘಟನೆ ಕಲ್ಪನೆ. ತಾಯಿ ಪೂರ್ತಿ ಕಲ್ಪನೆ ಅಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸು ಕೋರ್ಟಿಗೆ ಬರುತ್ತಿದ್ದರು. ಮಗ ಕಾಣೆಯಾಗಿ ಬಹಳ ವರ್ಷ ಆಗಿತ್ತು. ಸಿ ರಿಪೋರ್ಟ್ ಆಗಿತ್ತು. ಆಕೆ ಕೌಂಟರಿನಲ್ಲಿ ನಿಂತು 'ಫೈಲ್ ನೋಡ್ರಮ್ಮಾ' ಅನ್ನುತ್ತಿದ್ದರು. ನಾನು ಕೇಸ್ ಮುಗಿದಿದೆ ಎಂದು ಹೇಳುತ್ತಿದ್ದೆ. ನಕಲು ಬೇಕಾದರೆ ಅರ್ಜಿ ಕೊಡಿ ಅನ್ನುತ್ತಿದ್ದೆ. ಆಕೆಗೆ ಬರೆಯಲು ಬರುತ್ತಿರಲಿಲ್ಲ. ಹೋಗಿಬಿಡುತ್ತಿದ್ದರು. ಮಳೆ ಮುಗಿದ ಮೇಲೆ ಮತ್ತೆ ಬರುತ್ತಿದ್ದರು. ಹೀಗೆ ಮೂರು ವರ್ಷ.

ನಾಲ್ಕನೇ ಸಲ ಯಾಕೋ ಬೆಂಚಿನ ಮೇಲೆ ಕೂರಿಸಿ 'ಫೈಲಿನಲ್ಲಿ ಏನು ಬೇಕು ನಿಮಗೆ?' ಎಂದು ಕೇಳಿದೆ. 'ಫೋಟೋ' ಅಂದರು. ದೂರು ಕೊಡುವಾಗ ಪೊಲೀಸರು ಹುಡುಗನ ಫೋಟೋ ಕೇಳಿದ್ದರು. ಮನೆಯಲ್ಲಿದ್ದದ್ದು ಒಂದೇ, ಸ್ಟುಡಿಯೋದಲ್ಲಿ ತೆಗೆಸಿದ್ದು. ಕೊಟ್ಟಿದ್ದರು. ಅದು ಫೈಲಿನ ಜೊತೆ ಕೋರ್ಟಿಗೆ ಬಂದಿತ್ತು. ಆಕೆ ಅಷ್ಟು ವರ್ಷದಿಂದ ಕೇಳುತ್ತಿದ್ದದ್ದು ಅದನ್ನು. ನಾನು ಮೂರು ವರ್ಷ ಆ ಒಂದು ಪ್ರಶ್ನೆ ಕೇಳಿರಲಿಲ್ಲ.

ಅರ್ಜಿ ನಾನೇ ಬರೆದೆ. ಸಾಹೇಬರು ಅದೇ ದಿನ ಆದೇಶ ಮಾಡಿದರು. ರೆಕಾರ್ಡ್ ರೂಮಿನಲ್ಲಿ ಒಂಬತ್ತು ದಿನ ಹುಡುಕಿದೆವು. ಸೋರುವ ಮೂಲೆಯ ಕಪಾಟಿನ ಕೆಳಗಿನ ಅಂಕಣದಲ್ಲಿ ಆ ವರ್ಷದ ಕಟ್ಟು ಸಿಕ್ಕಿತು. ಬಟ್ಟೆ ಬಿಚ್ಚಿದಾಗ ಬೂಷ್ಟಿನ ವಾಸನೆ. ಫೋಟೋ ಇತ್ತು. ತೇವ ಹತ್ತಿ ಮುಖದ ಭಾಗ ಪೂರ್ತಿ ಹೋಗಿತ್ತು. ಕುತ್ತಿಗೆಯಿಂದ ಕೆಳಗೆ ಅಂಗಿ ಮಾತ್ರ ಉಳಿದಿತ್ತು, ಚೌಕುಳಿ ಅಂಗಿ.

ಆಕೆಯ ಕೈಗೆ ಹೇಗೆ ಕೊಡುವುದು ಎಂದು ಗೊತ್ತಾಗಲಿಲ್ಲ. ಕೊಟ್ಟೆ. ಆಕೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 'ಈ ಅಂಗಿ ಎಳ್ಳಮಾಸೆ ಜಾತ್ರೆಗೆ ಅಂತ ಹೊಲಿಸಿದ್ದು' ಅಂದರು. ಸೆರಗಿನಲ್ಲಿ ಸುತ್ತಿಕೊಂಡು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಹೋದರು. ಮತ್ತೆ ಬರಲಿಲ್ಲ.

ಕಾದಂಬರಿಯಲ್ಲಿ ಇನ್‌ಸ್ಪೆಕ್ಟರ್ ಎಲ್ಲರನ್ನೂ ಮೊದಲು ಕೇಳುವ ಪ್ರಶ್ನೆ 'ನಿಮಗೆ ಏನು ಬೇಕು?' ಎಂದು. ಅದು ಎಲ್ಲಿಂದ ಬಂತು ಎಂದು ನೀವು ಕೇಳಿದ್ದಕ್ಕೆ ಇಷ್ಟು ಹೇಳಿದೆ.

ಒಂದು ತಪ್ಪು ಕಂಡಿತು. 1994ರ ಅಧ್ಯಾಯದಲ್ಲಿ ಟೀಚರ್ ಅಕ್ಕನ ಮನೆ 'ದಾವಣಗೆರೆ ಜಿಲ್ಲೆಯ ಚನ್ನಗಿರಿ'ಯಲ್ಲಿ ಎಂದಿದೆ. ಆಗ ನಾವು ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದೆವು.
– ಚನ್ನಗಿರಿಯ ಓದುಗರು

ನಿಮ್ಮ ಮಾತು ನೂರಕ್ಕೆ ನೂರು ಸರಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಎರಡೂ ಆಗಲೇ ಆ ಕಡೆ ಹೋದದ್ದು. ಕೋರ್ಟಿನಲ್ಲಿದ್ದವಳು ನಾನು ಇದನ್ನು ತಪ್ಪಬಾರದಿತ್ತು. ಇನ್ನೂ ಒಂದು ವಿಷಯ ನಿಮ್ಮ ಪತ್ರ ಓದಿದ ಮೇಲೆ ಹೊಳೆಯಿತು. ಅಕ್ಕನ ಹೇಳಿಕೆ ಪಡೆದದ್ದು ಆಗಿನ ಶಿವಮೊಗ್ಗ ಜಿಲ್ಲೆಯ ಠಾಣೆ. 2023ರಲ್ಲಿ ಇನ್‌ಸ್ಪೆಕ್ಟರ್ ಆ ಕಾಗದ ಹುಡುಕಬೇಕಾದರೆ ಎರಡು ಜಿಲ್ಲೆಯ ಬಾಗಿಲು ತಟ್ಟಬೇಕು. ಹತ್ತೊಂಬತ್ತನೇ ಕಂತಿನಲ್ಲಿ ಅವರಿಗೆ ಅದು ಒಂದೇ ಬೆಳಗ್ಗೆ ಸಿಕ್ಕಿಬಿಡುತ್ತದೆ. ಪುಸ್ತಕ ಅಚ್ಚಿಗೆ ಹೋಗಲು ಇನ್ನೂ ಎರಡು ತಿಂಗಳಿದೆ. ಆ ಕಂತನ್ನು ಮತ್ತೆ ಬರೆಯುತ್ತಿದ್ದೇನೆ.